ಮಾದರಿ ಯಂತ್ರದಿಂದ ಸಾಮೂಹಿಕ ತಯಾರಿಕೆಗೆ: ವಿದ್ಯುನ್ಮಾನ ಮತಯಂತ್ರ ನಡೆದ ದಾರಿ ಮತ್ತು ಗ್ರಾಮ ಪಂಚಾಯತಿಗೆ ಅದರ ಪಾಠ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ಪೀಠಿಕೆ

ಗ್ರಾಮ ಪಂಚಾಯತಿಗಳು ಖರೀದಿಸುವ ಮತ್ತು ನಿರ್ವಹಿಸುವ ವಿದ್ಯುನ್ಮಾನ ಉಪಕರಣಗಳು ಇಂದು ಹಲವಾರು. ಮೇಲ್ತೊಟ್ಟಿ ತುಂಬಿದೊಡನೆ ಪಂಪನ್ನು ನಿಲ್ಲಿಸುವ ನಿಯಂತ್ರಕ, ಕತ್ತಲಾದೊಡನೆ ಬೀದಿ ದೀಪ ಹೊತ್ತಿಸುವ ಟೈಮರ್, ಮೊಬೈಲ್ ಕರೆಯಿಂದ ಕೊಳವೆ ಬಾವಿಯ ಮೋಟರನ್ನು ಚಾಲೂ ಮಾಡುವ ಸ್ಟಾರ್ಟರ್, ನೀರಿನ ಹರಿವನ್ನು ಅಳೆದು ದಾಖಲಿಸುವ ಮೀಟರ್ ಇವೆಲ್ಲವೂ ಆ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಕೆಲವು ಕಾರ್ಖಾನೆಗಳಲ್ಲಿ ವರ್ಷಗಳಿಂದ ತಯಾರಾಗುತ್ತಿರುವ ಸಿದ್ಧ ಸಾಮಗ್ರಿಗಳು. ಮತ್ತೆ ಕೆಲವು, ಒಂದು ನಿರ್ದಿಷ್ಟ ಅಗತ್ಯಕ್ಕೆಂದೇ ಹೊಸದಾಗಿ ವಿನ್ಯಾಸಗೊಂಡವು.

ಎರಡನೆಯ ಬಗೆಯ ಉಪಕರಣವು ಸಭೆಯ ಮುಂದೆ ಬರುವುದು ಸಾಮಾನ್ಯವಾಗಿ ಪ್ರಾತ್ಯಕ್ಷಿಕೆಯ ರೂಪದಲ್ಲಿ. ಮೇಜಿನ ಮೇಲೆ ಒಂದು ಪೆಟ್ಟಿಗೆ ಇರುತ್ತದೆ. ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ನೋಡಿದವರಿಗೆ ಯಂತ್ರ ಸಿದ್ಧವಾಗಿದೆ ಎನ್ನಿಸುತ್ತದೆ. ಆದರೆ ಮೇಜಿನ ಮೇಲಿನ ಆ ಒಂದು ಪೆಟ್ಟಿಗೆಗೂ, ಊರೂರಿನ ಕಂಬಗಳ ಮೇಲೆ ಮಳೆ ಬಿಸಿಲುಗಳಲ್ಲಿ ಐದಾರು ವರ್ಷ ದುಡಿಯಬೇಕಾದ ಐನೂರು ಪೆಟ್ಟಿಗೆಗಳಿಗೂ ನಡುವೆ ದೀರ್ಘವಾದ ದಾರಿಯಿದೆ. ಆ ದಾರಿಯನ್ನು ಕ್ರಮಿಸದ ಉಪಕರಣಕ್ಕೆ ಹಣ ತೊಡಗಿಸಿದರೆ ನಷ್ಟವಾಗುವುದು ಸಾರ್ವಜನಿಕ ಹಣ. ಅದಕ್ಕಿಂತಲೂ ಮಿಗಿಲಾಗಿ, ಪಂಪು ನಿಂತ ದಿನ ನೀರಿಲ್ಲದೆ ಉಳಿಯುವುದು ಒಂದು ಇಡೀ ಕೇರಿ.

ಈ ದಾರಿಯ ಸ್ವರೂಪವನ್ನು ತಿಳಿಯಲು ಸದಸ್ಯರೆಲ್ಲರೂ ಕಂಡಿರುವ ಒಂದು ಯಂತ್ರವನ್ನೇ ಇಲ್ಲಿ ಉದಾಹರಣೆಯಾಗಿ ಆರಿಸಲಾಗಿದೆ. ಅದು ವಿದ್ಯುನ್ಮಾನ ಮತಯಂತ್ರ. ಅದರ ತಯಾರಕ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನದೇ ಆಗಿರುವುದು ಈ ಆಯ್ಕೆಗೆ ಇನ್ನೊಂದು ಕಾರಣ.

1. ಮಾದರಿ ಬೇರೆ, ಉತ್ಪನ್ನ ಬೇರೆ

ಮಾದರಿ ಯಂತ್ರವು ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ಕೆಲಸ ಸಾಧ್ಯವೇ? ಅದನ್ನು ತಯಾರಿಸಿದವರೇ ಅದನ್ನು ನಡೆಸುತ್ತಾರೆ. ಒಂದು ತಂತಿ ಸಡಿಲವಾದರೆ ಅವರೇ ಬೆಸೆಯುತ್ತಾರೆ. ಬಿಡಿಭಾಗಗಳನ್ನು ಅಂಗಡಿಯಿಂದ ಒಂದೊಂದಾಗಿ ಆರಿಸಿ ತಂದಿರುತ್ತಾರೆ.

ಉತ್ಪನ್ನವು ಉತ್ತರಿಸಬೇಕಾದ ಪ್ರಶ್ನೆಗಳು ಬೇರೆ. ಅದೇ ಕೆಲಸವನ್ನು ಸಾವಿರ ಯಂತ್ರಗಳೂ ಒಂದೇ ರೀತಿ ಮಾಡಬಲ್ಲವೇ? ತಯಾರಿಸಿದವರು ಎದುರಿಗಿಲ್ಲದಾಗ ನೀರಗಂಟಿಯೊಬ್ಬರು ಅದನ್ನು ನಡೆಸಬಲ್ಲರೇ? ಒಂದು ಬಿಡಿಭಾಗ ಮಾರುಕಟ್ಟೆಯಲ್ಲಿ ದೊರೆಯದಾದಾಗ ಏನು ಗತಿ? ಕೆಟ್ಟರೆ ರಿಪೇರಿ ಎಲ್ಲಿ, ಎಷ್ಟು ದಿನದಲ್ಲಿ? ಮಾದರಿಗೆ ಜಾಣತನ ಸಾಕು. ಉತ್ಪನ್ನಕ್ಕೆ ಶಿಸ್ತು ಬೇಕು.

2. ಮತಯಂತ್ರದ ಕಾಲಕ್ರಮ

ಮತಪತ್ರದ ಬದಲಿಗೆ ಯಂತ್ರವನ್ನು ಬಳಸುವ ಆಲೋಚನೆಯು ಚುನಾವಣಾ ಆಯೋಗದಲ್ಲಿ ರೂಪು ತಳೆದದ್ದು 1977ರಲ್ಲಿ. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು 1979ರಲ್ಲಿ ಒಂದು ಮಾದರಿಯನ್ನು ಸಿದ್ಧಪಡಿಸಿತು. 1980ರ ಆಗಸ್ಟ್ 6ರಂದು ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಎದುರು ಅದರ ಪ್ರಾತ್ಯಕ್ಷಿಕೆ ನಡೆಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ತಯಾರಿಕೆಯಲ್ಲಿ ಜೊತೆಗೂಡಿತು.

1982ರ ಮೇ 19ರಂದು ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮತಯಂತ್ರವನ್ನು ಮೊದಲ ಬಾರಿಗೆ ಬಳಸಲಾಯಿತು. ಫಲಿತಾಂಶವು ನ್ಯಾಯಾಲಯದ ಮೆಟ್ಟಿಲೇರಿತು. 1984ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು, ಯಂತ್ರದ ಮೂಲಕ ಮತದಾನ ನಡೆಸಲು ಆಗಿನ ಕಾನೂನಿನಲ್ಲಿ ಅವಕಾಶವಿಲ್ಲವೆಂದು ತೀರ್ಪಿತ್ತು, ಆ 50 ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆದೇಶಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತೀರ್ಪಿಗೆ ಆಧಾರವಾದದ್ದು ಯಂತ್ರದ ದೋಷವಲ್ಲ. ಯಂತ್ರವಿತ್ತು, ಅದನ್ನು ಬಳಸುವ ಅಧಿಕಾರವನ್ನು ನೀಡುವ ಕಾನೂನು ಇರಲಿಲ್ಲ.

1988ರ ಡಿಸೆಂಬರಿನಲ್ಲಿ ಸಂಸತ್ತು ಪ್ರಜಾಪ್ರತಿನಿಧಿ ಅಧಿನಿಯಮ 1951ಕ್ಕೆ 61ಎ ಪ್ರಕರಣವನ್ನು ಸೇರಿಸಿತು. ಅದು 1989ರ ಮಾರ್ಚ್ 15ರಿಂದ ಜಾರಿಗೆ ಬಂದಿತು. 1990ರಲ್ಲಿ ತಾಂತ್ರಿಕ ತಜ್ಞರ ಸಮಿತಿಯೊಂದು ಯಂತ್ರವನ್ನು ಪರಿಶೀಲಿಸಿ ಅದರ ಬಳಕೆಗೆ ಶಿಫಾರಸು ಮಾಡಿತು. ಇಷ್ಟಾದರೂ ದೇಶದಾದ್ಯಂತ ಒಮ್ಮೆಲೇ ಬಳಕೆ ಆರಂಭವಾಗಲಿಲ್ಲ. 1998ರ ನವೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ದೆಹಲಿಯ ಒಟ್ಟು 16 ವಿಧಾನಸಭಾ ಕ್ಷೇತ್ರಗಳಲ್ಲಿ ಪ್ರಾಯೋಗಿಕವಾಗಿ ಬಳಸಲಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಲ್ಲಿಯೂ 10 ಲಕ್ಷಕ್ಕೂ ಹೆಚ್ಚು ಯಂತ್ರಗಳು ಬಳಕೆಗೆ ಬಂದವು.

1979ರ ಮಾದರಿಯಿಂದ 2004ರ ಪೂರ್ಣ ಬಳಕೆಯವರೆಗೆ 25 ವರ್ಷ. ಈ ಅವಧಿಯ ಹೆಚ್ಚಿನ ಪಾಲು ವ್ಯಯವಾದದ್ದು ಕಾನೂನು, ವಿಶ್ವಾಸ ಮತ್ತು ಆಡಳಿತದ ಸಿದ್ಧತೆಗೆ. ಎಲ್ಲ ಉಪಕರಣಗಳಿಗೂ 25 ವರ್ಷ ಬೇಕೆಂದು ಇದರ ಅರ್ಥವಲ್ಲ. ಆದರೆ ಮಾದರಿ, ಅನುಮತಿ, ಸೀಮಿತ ಪ್ರಯೋಗ, ತಿದ್ದುಪಡಿ, ವಿಸ್ತರಣೆ ಎಂಬ ಕ್ರಮ ಮಾತ್ರ ಚಿಕ್ಕ ಉಪಕರಣಕ್ಕೂ ತಪ್ಪುವುದಿಲ್ಲ.

3. ಸರಳತೆಯೇ ಬಲ

ಮತಯಂತ್ರದ ವಿನ್ಯಾಸವನ್ನು ನೋಡಿದರೆ ಅದರ ಸರಳತೆ ಎದ್ದು ಕಾಣುತ್ತದೆ. ಮತಗಟ್ಟೆ ಅಧಿಕಾರಿಯ ಬಳಿ ಕಂಟ್ರೋಲ್ ಯೂನಿಟ್, ಮತದಾರರ ಮುಂದೆ ಬ್ಯಾಲೆಟ್ ಯೂನಿಟ್. ಎರಡನ್ನೂ ಜೋಡಿಸುವ 5 ಮೀಟರ್ ಉದ್ದದ ಕೇಬಲ್. ಒಂದು ಬ್ಯಾಲೆಟ್ ಯೂನಿಟ್ಟಿನಲ್ಲಿ 16 ಗುಂಡಿಗಳು. ವಿದ್ಯುತ್ ಸಂಪರ್ಕವಿಲ್ಲದ ಮತಗಟ್ಟೆಯಲ್ಲಿಯೂ ಕೆಲಸ ನಡೆಯಬೇಕಾದ್ದರಿಂದ ಅದು ಬ್ಯಾಟರಿಯಿಂದಲೇ ನಡೆಯುತ್ತದೆ. ಆ ಯಂತ್ರ ಮಾಡುವ ಕೆಲಸಗಳು ಕೆಲವೇ. ಬೇಡದ ಸೌಲಭ್ಯಗಳನ್ನು ಅದಕ್ಕೆ ತುಂಬಿಲ್ಲ.

ಯಂತ್ರದಲ್ಲಿ ಸೌಲಭ್ಯ ಹೆಚ್ಚಿದಷ್ಟೂ ಬಿಡಿಭಾಗ ಹೆಚ್ಚುತ್ತದೆ, ಬಿಡಿಭಾಗ ಹೆಚ್ಚಿದಷ್ಟೂ ಕೆಡುವ ಜಾಗಗಳು ಹೆಚ್ಚುತ್ತವೆ. ಪಂಪು ನಿಲ್ಲಿಸಬೇಕಾದ ನಿಯಂತ್ರಕಕ್ಕೆ ಬಣ್ಣದ ಪರದೆ ನಿಜವಾಗಿಯೂ ಬೇಕೇ ಎಂದು ಕೇಳುವುದು ಸದಸ್ಯರ ಹಕ್ಕು.

4. ಕ್ಷೇತ್ರ ಪರೀಕ್ಷೆಯ ಪಾಠ

ಮತದಾರರು ತಮ್ಮ ಮತವನ್ನು ಚೀಟಿಯಲ್ಲಿ ಕಂಡು ಖಚಿತಪಡಿಸಿಕೊಳ್ಳಲು ನೆರವಾಗುವ ವಿವಿಪ್ಯಾಟ್ ಯಂತ್ರದ ಕಥೆ ಇನ್ನೂ ಬೋಧಪ್ರದವಾದುದು. 2011ರ ಜುಲೈನಲ್ಲಿ ಅದರ ಮೊದಲ ಕ್ಷೇತ್ರ ಪರೀಕ್ಷೆಗೆ ಆರಿಸಿದ ಸ್ಥಳಗಳು ಐದು: ಲಡಾಖ್, ಜೈಸಲ್ಮೇರ್, ಚೆರ್ರಾಪುಂಜಿ, ತಿರುವನಂತಪುರ ಮತ್ತು ಪೂರ್ವ ದೆಹಲಿ. ಶೀತ, ಮರುಭೂಮಿಯ ತಾಪ, ಜಡಿಮಳೆ, ಕರಾವಳಿಯ ತೇವ, ಮಹಾನಗರದ ಜನದಟ್ಟಣೆ ಎಲ್ಲವೂ ಈ ಐದರೊಳಗೆ ಬಂದವು. ಪರೀಕ್ಷೆಯಲ್ಲಿ ಕಂಡ ಕೊರತೆಗಳ ಆಧಾರದ ಮೇಲೆ ವಿನ್ಯಾಸವನ್ನು ತಿದ್ದಿ 2012ರಲ್ಲಿ ಎರಡನೆಯ ಬಾರಿ ಪರೀಕ್ಷಿಸಲಾಯಿತು. ಚುನಾವಣೆಯೊಂದರಲ್ಲಿ ಅದರ ಮೊದಲ ಬಳಕೆ 2013ರ ಸೆಪ್ಟೆಂಬರ್ 4ರಂದು, ನಾಗಾಲ್ಯಾಂಡಿನ ನೊಕ್ಸೆನ್ ಕ್ಷೇತ್ರದಲ್ಲಿ.

ಇಷ್ಟು ಎಚ್ಚರದ ನಂತರವೂ ದೋಷ ತಲೆದೋರಿತು. 2018ರ ಮೇ ತಿಂಗಳಲ್ಲಿ ಉತ್ತರಪ್ರದೇಶದ ಕೈರಾನಾ ಮತ್ತು ಮಹಾರಾಷ್ಟ್ರದ ಭಂಡಾರಾ–ಗೊಂದಿಯಾ ಲೋಕಸಭಾ ಉಪಚುನಾವಣೆಗಳಲ್ಲಿ ಹಲವು ವಿವಿಪ್ಯಾಟ್‌ಗಳು ಕೈಕೊಟ್ಟವು. ಕೆಲವು ಮತಗಟ್ಟೆಗಳಲ್ಲಿ ಮರುಮತದಾನ ನಡೆಸಬೇಕಾಯಿತು. ಯಂತ್ರದೊಳಗಿನ ಸಂವೇದಕದ ಮೇಲೆ ಹೊರಗಿನ ಪ್ರಖರ ಬೆಳಕು ಬಿದ್ದದ್ದು ಮುಖ್ಯ ಕಾರಣವೆಂದು ಕಂಡುಬಂದಿತು. ಬಳಿಕ ಸಂವೇದಕಕ್ಕೆ ಬೆಳಕು ತಾಗದಂತೆ ಮರೆಯನ್ನು ಅಳವಡಿಸಲಾಯಿತು. ತೇವ ಹೀರದ ಕಾಗದದ ಸುರುಳಿಯನ್ನು ಬಳಸಲಾಯಿತು.

ಕಿಟಕಿಯಿಂದ ಬಂದ ಬೆಳಕು ಒಂದು ರಾಷ್ಟ್ರೀಯ ಮಟ್ಟದ ಯಂತ್ರವನ್ನು ನಿಲ್ಲಿಸಬಲ್ಲದು ಎಂದಾದರೆ, ಹೊಲದ ಬದುವಿನ ಮೇಲೆ ನಿಂತ ಪೆಟ್ಟಿಗೆಯನ್ನು ನಿಲ್ಲಿಸಲು ಏನೆಲ್ಲ ಸಾಕೆಂಬುದನ್ನು ಊಹಿಸಬಹುದು. ಪ್ರಯೋಗಾಲಯದ ಪರೀಕ್ಷೆಗೆ ಅದರದೇ ಮಹತ್ವವಿದೆ. ಬಳಕೆಯ ಸ್ಥಳದಲ್ಲಿ, ಬಳಸುವವರ ಕೈಯಲ್ಲಿ ನಡೆದ ಪರೀಕ್ಷೆಗೆ ಮಾತ್ರ ಪರ್ಯಾಯವಿಲ್ಲ.

5. ಕಾರ್ಖಾನೆಯೊಳಗಿನ ಹಂತಗಳು

ಮಾದರಿಯನ್ನು ಉತ್ಪನ್ನವಾಗಿಸುವಾಗ ತಯಾರಕರು ಸಾಮಾನ್ಯವಾಗಿ ಮೂರು ಸುತ್ತಿನ ಪರಿಶೀಲನೆ ನಡೆಸುತ್ತಾರೆ. ಮೊದಲ ಸುತ್ತಿನಲ್ಲಿ ಕೆಲವೇ ಯಂತ್ರಗಳನ್ನು ತಯಾರಿಸಿ ವಿದ್ಯುತ್ ಮಂಡಲ ಸರಿಯಾಗಿದೆಯೇ ಎಂದು ನೋಡಲಾಗುತ್ತದೆ. ಎರಡನೆಯದರಲ್ಲಿ ನಿಜವಾದ ಹೊರಕವಚದೊಂದಿಗೆ ತಾಪ, ತೇವ, ಅದುರುವಿಕೆ, ವೋಲ್ಟೇಜಿನ ಏರಿಳಿತಗಳಿಗೆ ಯಂತ್ರವನ್ನು ಒಡ್ಡಲಾಗುತ್ತದೆ. ಮೂರನೆಯದರಲ್ಲಿ ಪರೀಕ್ಷೆಗೆ ಒಳಗಾಗುವುದು ಯಂತ್ರವಲ್ಲ, ತಯಾರಿಕಾ ವಿಧಾನ: ಅದೇ ಕಾರ್ಮಿಕರು, ಅದೇ ಸಲಕರಣೆಗಳಿಂದ ಒಂದು ಚಿಕ್ಕ ಕಂತನ್ನು ತಯಾರಿಸಿ, ಎಷ್ಟು ಯಂತ್ರಗಳು ಮೊದಲ ಪ್ರಯತ್ನದಲ್ಲಿಯೇ ಸರಿಯಾಗಿ ಹೊರಬಂದವು ಎಂದು ಎಣಿಸಲಾಗುತ್ತದೆ.

ಸಾಮೂಹಿಕ ತಯಾರಿಕೆಯಲ್ಲಿ ಕೆಲಸ ಸಾಗುವ ಬಗೆ ಹೀಗಿದೆ. ಬರಿದಾದ ಸರ್ಕ್ಯೂಟ್ ಬೋರ್ಡಿನ ಮೇಲೆ, ಬಿಡಿಭಾಗಗಳು ಕೂರಬೇಕಾದ ಜಾಗಗಳಲ್ಲಷ್ಟೇ ರಂಧ್ರವಿರುವ ತೆಳು ಉಕ್ಕಿನ ಹಾಳೆಯನ್ನಿರಿಸಿ ಬೆಸುಗೆಯ ಲೇಪವನ್ನು ಸವರಲಾಗುತ್ತದೆ. ಯಂತ್ರವು ಬಿಡಿಭಾಗಗಳನ್ನು ಸುರುಳಿಯಿಂದ ಎತ್ತಿ ನಿಗದಿತ ಜಾಗದಲ್ಲಿ ಕೂರಿಸುತ್ತದೆ. ಬೋರ್ಡು ಒಲೆಯ ಮೂಲಕ ಹಾಯುವಾಗ, ಸೀಸರಹಿತ ಬೆಸುಗೆಯಾದರೆ ಸುಮಾರು 245 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ, ಲೇಪ ಕರಗಿ ಬಿಡಿಭಾಗಗಳು ಬೆಸೆಯುತ್ತವೆ. ಮುಂದೆ ಕ್ಯಾಮೆರಾದಿಂದ ತಪಾಸಣೆ. ಅನಂತರ ಮೊಳೆಗಳಂತಹ ಸೂಜಿಗಳಿರುವ ಪರೀಕ್ಷಾ ಹಾಸಿನ ಮೇಲೆ ಬೋರ್ಡನ್ನಿರಿಸಿ ಪ್ರತಿ ಬಿಂದುವಿನ ವೋಲ್ಟೇಜನ್ನು ಅಳೆಯಲಾಗುತ್ತದೆ. ತಂತ್ರಾಂಶ ತುಂಬುವುದು, ತೇವ ತಾಗದಂತೆ ಬೋರ್ಡಿಗೆ ಲೇಪ ಹಚ್ಚುವುದು, ಪೆಟ್ಟಿಗೆಯಲ್ಲಿ ಕೂರಿಸುವುದು ಕೊನೆಯ ಕೆಲಸಗಳು.

ವಿದ್ಯುನ್ಮಾನ ಉಪಕರಣಗಳಲ್ಲಿ ತಯಾರಿಕೆಯ ದೋಷಗಳು ಬಳಕೆಯ ಆರಂಭದ ದಿನಗಳಲ್ಲಿಯೇ ಹೆಚ್ಚಾಗಿ ಪ್ರಕಟವಾಗುತ್ತವೆ. ಆದ್ದರಿಂದ ಒಳ್ಳೆಯ ತಯಾರಕರು ಯಂತ್ರವನ್ನು ಸಾಗಿಸುವ ಮುನ್ನ ಬಿಸಿ ಕೋಣೆಯಲ್ಲಿ ಹಲವು ಗಂಟೆ ಸತತವಾಗಿ ನಡೆಸಿ ನೋಡುತ್ತಾರೆ. ಅಲ್ಲಿ ಕೆಡಬೇಕಾದದ್ದು ಅಲ್ಲಿಯೇ ಕೆಟ್ಟರೆ, ಊರಿನಲ್ಲಿ ಕೆಡುವುದು ಕಡಿಮೆಯಾಗುತ್ತದೆ.

6. ಎರಡು ಲೆಕ್ಕಗಳು

ಮೊದಲನೆಯದು ದೋಷದ ಲೆಕ್ಕ. ಒಂದು ಉಪಕರಣದಲ್ಲಿ 100 ಬಿಡಿಭಾಗಗಳಿವೆ ಎಂದುಕೊಳ್ಳೋಣ. ಪ್ರತಿಯೊಂದೂ ಸರಿಯಾಗಿ ಕೂರುವ ಸಾಧ್ಯತೆ 1,000ಕ್ಕೆ 999. ಕೇಳಲು ಇದು ಬಹಳ ಉತ್ತಮವೆನಿಸುತ್ತದೆ. ಆದರೆ ನೂರಕ್ಕೆ ನೂರೂ ಸರಿಯಾಗಿದ್ದರೆ ಮಾತ್ರ ಉಪಕರಣ ಸರಿ. 0.999 ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ನೂರರವರೆಗೆ ಹೋದರೆ ಉಳಿಯುವುದು ಸುಮಾರು 0.905. ಎಂದರೆ 1,000 ಉಪಕರಣಗಳಲ್ಲಿ ಸುಮಾರು 95 ದೋಷಯುಕ್ತ. ಸಾಧ್ಯತೆಯನ್ನು 10,000ಕ್ಕೆ 9,999ಕ್ಕೆ ಏರಿಸಿದರೆ ದೋಷಯುಕ್ತವಾದವು ಸುಮಾರು 10ಕ್ಕೆ ಇಳಿಯುತ್ತವೆ. ಸಭೆಯಲ್ಲಿ ತೋರಿಸಿದ ಒಂದು ಪೆಟ್ಟಿಗೆ ಸರಿಯಾಗಿತ್ತೆಂಬುದು ಈ ಲೆಕ್ಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಪ್ರತಿ ಉಪಕರಣವನ್ನೂ ಪರೀಕ್ಷಿಸಿದ ದಾಖಲೆಯನ್ನು ಕೇಳುವುದು ಅಗತ್ಯ.

ಎರಡನೆಯದು ಬೆಲೆಯ ಲೆಕ್ಕ. ಹೊರಕವಚದ ಅಚ್ಚು, ಪರೀಕ್ಷಾ ಸಲಕರಣೆ, ಪ್ರಮಾಣೀಕರಣ ಇವು ಒಮ್ಮೆ ಮಾತ್ರ ಮಾಡುವ ವೆಚ್ಚಗಳು. ಉದಾಹರಣೆಗಾಗಿ ಇದನ್ನು 6,00,000 ರೂಪಾಯಿ ಎಂದೂ, ಬಿಡಿಭಾಗ ಮತ್ತು ಕೂಲಿಯನ್ನು ಉಪಕರಣವೊಂದಕ್ಕೆ 1,500 ರೂಪಾಯಿ ಎಂದೂ ಇಟ್ಟುಕೊಳ್ಳಬಹುದು. 100 ಉಪಕರಣ ತಯಾರಿಸಿದರೆ ಒಂದರ ವೆಚ್ಚ 7,500 ರೂಪಾಯಿ. 10,000 ತಯಾರಿಸಿದರೆ 1,560 ರೂಪಾಯಿ. ಈ ಕಾರಣದಿಂದಲೇ ಒಂದು ಗ್ರಾಮ ಪಂಚಾಯತಿಯು ತನಗೆಂದೇ ವಿಶೇಷ ಉಪಕರಣ ಮಾಡಿಸಿಕೊಳ್ಳುವುದು ದುಬಾರಿ. ಹಾಗೆಯೇ, ಚಿಕ್ಕ ಸಂಖ್ಯೆಗೆ ಅತಿ ಕಡಿಮೆ ದರವನ್ನು ಯಾರಾದರೂ ನಮೂದಿಸಿದಲ್ಲಿ, ಅಚ್ಚು, ಪರೀಕ್ಷೆ, ಪ್ರಮಾಣೀಕರಣಗಳಲ್ಲಿ ಯಾವುದನ್ನು ಕೈಬಿಡಲಾಗಿದೆ ಎಂದು ವಿಚಾರಿಸಬೇಕು.

7. ಸಿಂಪ್ಯೂಟರ್: ಇನ್ನೊಂದು ಬಗೆಯ ಪಾಠ

ಬೆಂಗಳೂರಿನಲ್ಲಿಯೇ ರೂಪುಗೊಂಡ ಸಿಂಪ್ಯೂಟರ್ ಎಂಬ ಅಂಗೈ ಗಣಕಯಂತ್ರವನ್ನು ಇಲ್ಲಿ ಸ್ಮರಿಸುವುದು ಉಚಿತ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಕೂಡಿ ಇದರ ವಿನ್ಯಾಸ ಮಾಡಿದರು. ಓದು ಬರಹ ಬಾರದ ಗ್ರಾಮೀಣರೂ ಬಳಸಬೇಕೆಂಬುದು ಉದ್ದೇಶ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡಿನ ವ್ಯವಸ್ಥೆ, ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳುವ ಸೌಲಭ್ಯ ಅದರಲ್ಲಿದ್ದವು. 2001ರಲ್ಲಿ ಮಾದರಿ ಸಿದ್ಧವಾಗಿ ದೇಶ ವಿದೇಶಗಳ ಗಮನ ಸೆಳೆಯಿತು. ಮಾರುಕಟ್ಟೆಗೆ ಬಂದದ್ದು 2004ರಲ್ಲಿ. 50,000 ಯಂತ್ರಗಳ ಮಾರಾಟದ ನಿರೀಕ್ಷೆಯಿದ್ದರೂ, 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000 ಮಾತ್ರ.

ಸಿಂಪ್ಯೂಟರಿನ ಆಶಯ ಉನ್ನತವಾಗಿತ್ತು, ವಿನ್ಯಾಸ ಮೆಚ್ಚುವಂತಹುದಾಗಿತ್ತು. ಆದರೆ ಸಂಖ್ಯೆ ಏರದೆ ಬೆಲೆ ಇಳಿಯುವುದಿಲ್ಲ. ಬೆಲೆ ಇಳಿಯದೆ ಸಂಖ್ಯೆ ಏರುವುದಿಲ್ಲ. ಮತಯಂತ್ರಕ್ಕೆ ಚುನಾವಣಾ ಆಯೋಗವೆಂಬ ಖಚಿತ ಖರೀದಿದಾರನಿದ್ದ. ಸಿಂಪ್ಯೂಟರಿಗೆ ಅಂತಹ ಆಸರೆ ಇರಲಿಲ್ಲ. ಆ ನಡುವೆ ಮೊಬೈಲ್ ಫೋನ್ ಅಗ್ಗವಾಗುತ್ತ ಊರೂರಿಗೆ ಬಂದಿತು. ಹೊಸ ಉಪಕರಣವನ್ನು ಖರೀದಿಸುವ ಸಂಸ್ಥೆಗೆ ಇದರಿಂದ ದೊರೆಯುವ ಎಚ್ಚರಿಕೆ ಇದು: ಮೆಚ್ಚತಕ್ಕ ಯಂತ್ರವೆಂಬ ಕಾರಣದಿಂದಲೇ ಅದರ ತಯಾರಿಕೆ ಮುಂದುವರಿಯುತ್ತದೆಂದು ಭಾವಿಸಲಾಗದು. ತಯಾರಿಕೆ ನಿಂತ ಯಂತ್ರಕ್ಕೆ ಬಿಡಿಭಾಗವೂ ಇಲ್ಲ, ರಿಪೇರಿಯೂ ಇಲ್ಲ.

8. ಗ್ರಾಮದ ಪರಿಸರ

ನಗರದ ಕಚೇರಿಯಲ್ಲಿ ಕಾಣದ ಕಷ್ಟಗಳು ಗ್ರಾಮದಲ್ಲಿ ನಿತ್ಯದವು. ಸಿಂಗಲ್ ಫೇಸ್ ವೋಲ್ಟೇಜು 230 ಇರಬೇಕು. ನ್ಯೂಟ್ರಲ್ ತಂತಿ ಕಡಿದಾಗ ಅದೇ ಸಾಲಿನ ಉಪಕರಣಗಳಿಗೆ 400ರ ಸಮೀಪದವರೆಗೂ ವೋಲ್ಟೇಜು ಬೀಳಬಹುದು. ಸಿಡಿಲಿನಿಂದ ಬರುವ ಕ್ಷಣಿಕ ಆಘಾತ ಇನ್ನೂ ದೊಡ್ಡದು. ಸಾಮಾನ್ಯ ದರ್ಜೆಯ ಬಿಡಿಭಾಗಗಳು 70 ಡಿಗ್ರಿ ಸೆಲ್ಸಿಯಸ್‌ವರೆಗೆ, ಕೈಗಾರಿಕಾ ದರ್ಜೆಯವು 85 ಡಿಗ್ರಿಯವರೆಗೆ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಮುಚ್ಚಿದ ಪೆಟ್ಟಿಗೆಯ ಒಳತಾಪವು ಹೊರಗಿನದಕ್ಕಿಂತ ಬಹಳ ಹೆಚ್ಚಿರುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಂಬ ಬಿಡಿಭಾಗದ ಆಯುಷ್ಯವು ತಾಪ 10 ಡಿಗ್ರಿ ಏರಿದಂತೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಮಲೆನಾಡಿನ ತೇವ, ಕರಾವಳಿಯ ಉಪ್ಪುಗಾಳಿ, ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿ ಬರುವ ಇರುವೆ ಮತ್ತು ಹಲ್ಲಿ ಇವೆಲ್ಲವೂ ವಿನ್ಯಾಸದ ಲೆಕ್ಕದಲ್ಲಿ ಸೇರಬೇಕು. ಹೊರಾಂಗಣ ಪೆಟ್ಟಿಗೆಗೆ ಐಪಿ 65 ದರ್ಜೆಯಿದ್ದರೆ ಧೂಳು ಒಳಹೋಗದು, ಎರಚಿದ ನೀರಿನಿಂದಲೂ ರಕ್ಷಣೆಯಿರುತ್ತದೆ. ಆದರೆ ಕೇಬಲ್ ಹಾಯಿಸಲು ಸ್ಥಳದಲ್ಲಿಯೇ ಒಂದು ತೂತು ಕೊರೆದು ಹಾಗೆಯೇ ಬಿಟ್ಟರೆ ಆ ದರ್ಜೆಗೆ ಅರ್ಥವಿಲ್ಲ.

9. ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999 ಮತ್ತು ಅದರಡಿಯ ನಿಯಮಗಳಿಗೆ ಅನುಸಾರವಾಗಿರಬೇಕೆಂಬುದು ಸದಸ್ಯರಿಗೆ ತಿಳಿದ ವಿಷಯ. ಅದರ ಜೊತೆಗೆ ತಾಂತ್ರಿಕ ನಿಬಂಧನೆಗಳನ್ನು ರೂಪಿಸುವಾಗ ಕೆಳಕಂಡ ಪ್ರಶ್ನೆಗಳನ್ನು ಎತ್ತುವುದು ಸೂಕ್ತ.

(ಅ) ಇದೇ ವಿನ್ಯಾಸದ ಎಷ್ಟು ಉಪಕರಣಗಳು ಈಗಾಗಲೇ ಬಳಕೆಯಲ್ಲಿವೆ? ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನಾದರೂ ಅವು ಕಳೆದಿವೆಯೇ? ಅಂತಹ ಒಂದು ಸ್ಥಳಕ್ಕೆ ಭೇಟಿ ನೀಡಬಹುದೇ?

(ಆ) ಬೀದಿ ದೀಪದಂತಹ ಸಾಮಗ್ರಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಅನ್ವಯಿಸುವುದಾದಲ್ಲಿ ನೋಂದಣಿ ಸಂಖ್ಯೆ ಇದೆಯೇ? ನಿಸ್ತಂತು ಸಂಪರ್ಕವಿದ್ದರೆ ದೂರಸಂಪರ್ಕ ಇಲಾಖೆಯ ಅನುಮೋದನೆ ಇದೆಯೇ?

(ಇ) ಪ್ರತಿ ಉಪಕರಣಕ್ಕೂ ಕ್ರಮಸಂಖ್ಯೆ ಮತ್ತು ಪರೀಕ್ಷಾ ವರದಿ ಒದಗಿಸಲಾಗುವುದೇ?

(ಈ) ಮೊಬೈಲ್ ಸಂಪರ್ಕ ಬಳಸುವ ಉಪಕರಣವಾದರೆ, ಯಾವ ಪೀಳಿಗೆಯ ಜಾಲಕ್ಕೆ ಹೊಂದುತ್ತದೆ? ಸಿಮ್‌ನ ಮಾಸಿಕ ಶುಲ್ಕವನ್ನು ಪಾವತಿಸುವವರು ಯಾರು?

(ಉ) ಉಪಕರಣ ಕೆಟ್ಟಾಗ ಪಂಪನ್ನು ಕೈಯಿಂದ ನಡೆಸುವ ಸ್ವಿಚ್ ಇದೆಯೇ?

(ಊ) ಎಷ್ಟು ಪ್ರತಿಶತ ಹೆಚ್ಚುವರಿ ಉಪಕರಣಗಳನ್ನು ಮೀಸಲಾಗಿ ನೀಡಲಾಗುವುದು? ರಿಪೇರಿಗೆ ಗರಿಷ್ಠ ಎಷ್ಟು ದಿನ?

(ಋ) ತಯಾರಕರು ವ್ಯವಹಾರ ನಿಲ್ಲಿಸಿದರೆ ಸರ್ಕ್ಯೂಟ್ ನಕ್ಷೆ, ಬಿಡಿಭಾಗಗಳ ಪಟ್ಟಿ ಮತ್ತು ತಂತ್ರಾಂಶದ ಪ್ರತಿ ಪಂಚಾಯತಿಗೆ ದೊರೆಯುವುದೇ? ಈ ಷರತ್ತು ಕರಾರಿನಲ್ಲಿ ಇದೆಯೇ?

(ಎ) ಆಯುಷ್ಯ ಮುಗಿದ ಉಪಕರಣ ಮತ್ತು ಬ್ಯಾಟರಿಗಳನ್ನು ಇ-ತ್ಯಾಜ್ಯವಾಗಿ ಹಿಂಪಡೆಯುವ ಹೊಣೆ ಯಾರದು?

ಇವುಗಳಲ್ಲಿ (ಉ) ಕ್ರಮಾಂಕದ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ ಕುಡಿಯುವ ನೀರಿನ ಯೋಜನೆಗೆ ಆ ಉಪಕರಣ ಯೋಗ್ಯವಲ್ಲ. ಯಂತ್ರ ಕೈಕೊಟ್ಟ ದಿನವೂ ನಲ್ಲಿಯಲ್ಲಿ ನೀರು ಬರಬೇಕು.

10. ಹಂತ ಹಂತವಾಗಿ ಅಳವಡಿಕೆ

ಮತಯಂತ್ರವು ಚುನಾವಣೆಯ ದಿನ ನೇರವಾಗಿ ಮತಗಟ್ಟೆಗೆ ಬರುವುದಿಲ್ಲ. ಪ್ರತಿ ಚುನಾವಣೆಗೂ ಮುನ್ನ ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಸಮಕ್ಷಮದಲ್ಲಿ ತಯಾರಕ ಸಂಸ್ಥೆಯ ಎಂಜಿನಿಯರುಗಳು ಮೊದಲ ಹಂತದ ಪರಿಶೀಲನೆ ನಡೆಸುತ್ತಾರೆ. ಮತದಾನದ ದಿನ ಬೆಳಿಗ್ಗೆ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ನಡೆಯುತ್ತದೆ. ದಶಕಗಳಿಂದ ಬಳಕೆಯಲ್ಲಿರುವ ಯಂತ್ರವನ್ನೂ ಪ್ರತಿಬಾರಿ ಹೊಸದಾಗಿ ಪರೀಕ್ಷಿಸುವ ಈ ಪದ್ಧತಿಯನ್ನು ಪಂಚಾಯತಿಯೂ ಅನುಸರಿಸಬಹುದು.

ಐನೂರು ಉಪಕರಣಗಳ ಅಗತ್ಯವಿದ್ದಲ್ಲಿ, ಮೊದಲು ಹತ್ತನ್ನು ಬೇರೆ ಬೇರೆ ಪರಿಸ್ಥಿತಿಯ ಸ್ಥಳಗಳಲ್ಲಿ ಅಳವಡಿಸಬೇಕು: ವೋಲ್ಟೇಜು ಏರಿಳಿಯುವ ಸಾಲಿನ ಕೊನೆಯ ಕಂಬ, ನೆರಳಿಲ್ಲದ ಬಯಲು, ಮೊಬೈಲ್ ಸಂಕೇತ ದುರ್ಬಲವಾದ ಹಳ್ಳಿ. ನೀರಗಂಟಿಗಳಿಗೆ ಒಂದು ದಾಖಲೆ ಪುಸ್ತಕ ಕೊಟ್ಟು, ಕೆಟ್ಟ ದಿನಾಂಕ, ಕಾರಣ, ಸರಿಪಡಿಸಿದ ದಿನಾಂಕಗಳನ್ನು ಬರೆಯಿಸಬೇಕು. ಮೂರು ತಿಂಗಳ ಈ ದಾಖಲೆಯನ್ನು ಸಭೆಯ ಮುಂದಿಟ್ಟು, ತಯಾರಕರು ತಿದ್ದುಪಡಿ ಮಾಡಿಕೊಟ್ಟ ಮೇಲಷ್ಟೇ ಮುಂದಿನ ಕಂತಿನ ಖರೀದಿಗೆ ಅನುಮೋದನೆ ನೀಡುವುದು ಕ್ಷೇಮಕರ. ಈ ಷರತ್ತುಗಳನ್ನು ಟೆಂಡರ್ ದಾಖಲೆಯಲ್ಲಿಯೇ ಮೊದಲೇ ಸೇರಿಸಿರಬೇಕು. ಕಾರ್ಯಾದೇಶ ನೀಡಿದ ಬಳಿಕ ಹೊಸ ಷರತ್ತು ಹೇರಲು ಬರುವುದಿಲ್ಲ.

ಚರ್ಚೆಗೆ ವಿಷಯಗಳು

1. ತಮ್ಮ ಗ್ರಾಮ ಪಂಚಾಯತಿಯಲ್ಲಿ ಈಗ ಇರುವ ವಿದ್ಯುನ್ಮಾನ ಉಪಕರಣಗಳೆಷ್ಟು? ಅವುಗಳಲ್ಲಿ ಇಂದು ಕೆಲಸ ಮಾಡುತ್ತಿರುವವು ಎಷ್ಟು, ನಿಂತವು ಎಷ್ಟು, ಏಕೆ?

2. ನಿಂತ ಉಪಕರಣಗಳ ಖಾತರಿ ಅವಧಿ ಮುಗಿದಿದೆಯೇ? ಮುಗಿದಿರದಿದ್ದಲ್ಲಿ ಸರಬರಾಜುದಾರರಿಗೆ ಲಿಖಿತ ಸೂಚನೆ ನೀಡಲಾಗಿದೆಯೇ?

3. ನೆರೆಯ ಗ್ರಾಮ ಪಂಚಾಯತಿಗಳಿಗೂ ಇದೇ ಉಪಕರಣದ ಅಗತ್ಯವಿದ್ದಲ್ಲಿ, ಬೇಡಿಕೆಯನ್ನು ತಾಲ್ಲೂಕು ಮಟ್ಟದಲ್ಲಿ ಒಟ್ಟುಗೂಡಿಸಿ ದರವನ್ನು ತಗ್ಗಿಸಲು ಸಾಧ್ಯವೇ?

4. ಉಪಕರಣವನ್ನು ನಿತ್ಯ ಬಳಸುವ ನೀರಗಂಟಿ ಮತ್ತು ವಿದ್ಯುತ್ ನಿರ್ವಾಹಕರ ಅಭಿಪ್ರಾಯವನ್ನು ಖರೀದಿಗೆ ಮುನ್ನ ದಾಖಲಿಸುವ ಕ್ರಮ ಇದೆಯೇ?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಪಟ್ಟಿಯ ರೂಪದಲ್ಲಿ ಸಿದ್ಧಪಡಿಸಿ ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿದರೆ, ಹೊಸ ಉಪಕರಣದ ಪ್ರಸ್ತಾವ ಬಂದಾಗ ಸದಸ್ಯರು ಪ್ರಾತ್ಯಕ್ಷಿಕೆಯೊಂದನ್ನೇ ನೆಚ್ಚದೆ, ತಮ್ಮದೇ ಗ್ರಾಮದ ಅನುಭವದ ಆಧಾರದ ಮೇಲೆ ತೀರ್ಮಾನ ಕೈಗೊಳ್ಳಬಹುದು.